ಲಿನಕ್ಸ್ ಗಣಕದ ಡೊಮೇನ್ ಸೇರ್ಪಡೆ: ದೋಷಪತ್ತೆ

ಲಿನಕ್ಸ್ ಗಣಕವನ್ನು ಸಂಸ್ಥೆಯ ಆಕ್ಟಿವ್ ಡೈರೆಕ್ಟರಿಗೆ ಸೇರಿಸುವಾಗ ಎದುರಾಗುವ ತೊಡಕುಗಳನ್ನು ಗುರುತಿಸಿ ಸರಿಪಡಿಸುವ ಕೆಲಸ. ವಿಂಡೋಸ್ 2000 ಸರ್ವರ್‌ನೊಂದಿಗೆ ಬಂದ ಈ ಡೈರೆಕ್ಟರಿಯಲ್ಲಿ ಸರ್ವರ್ ಹುಡುಕಲು ಡಿಎನ್‌ಎಸ್, ಗುರುತು ಖಚಿತಪಡಿಸಲು ಕೆರ್ಬರೋಸ್, ಮಾಹಿತಿ ಓದಲು ಎಲ್‌ಡ್ಯಾಪ್ ಬಳಕೆಯಾಗುತ್ತವೆ. ಲಿನಕ್ಸ್ ಕಡೆ ಸೇರ್ಪಡೆಗೆ ರೆಲ್ಮ್‌ಡಿ, ನಂತರದ ಲಾಗಿನ್‌ಗೆ ಎಸ್‌ಎಸ್‌ಎಸ್‌ಡಿ ಅಥವಾ ಸಾಂಬಾದ ವಿನ್‌ಬೈಂಡ್ ರೂಢಿಯಲ್ಲಿವೆ.

ಮೊದಲ ಅನುಮಾನ ಡಿಎನ್‌ಎಸ್ ಮೇಲೆಯೇ ಇರಬೇಕು. ಡೈರೆಕ್ಟರಿಯನ್ನು ನಡೆಸುವ ಸರ್ವರ್, ಅಂದರೆ ಡೊಮೇನ್ ಕಂಟ್ರೋಲರ್, ಎಲ್ಲಿದೆ ಎಂಬುದು ಗಣಕಕ್ಕೆ ತಿಳಿಯುವುದು ಎಸ್‌ಆರ್‌ವಿ ದಾಖಲೆಗಳಿಂದ. ಸಾರ್ವಜನಿಕ ಡಿಎನ್‌ಎಸ್ ಕೇಳಿದರೆ ಆ ದಾಖಲೆಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಸರ್ವರ್‌ಗೆ ಪಿಂಗ್ ಹೋಗುತ್ತಿದೆ ಎಂಬುದು ಆ ದಾಖಲೆಗಳು ಸಿಗುತ್ತಿವೆ ಎಂಬುದಕ್ಕೆ ಪುರಾವೆಯೇ ಅಲ್ಲ. ಡೊಮೇನ್ ಹೆಸರು ‘ಲೋಕಲ್’ ಎಂದು ಮುಗಿಯುತ್ತಿದ್ದರೆ ಮಲ್ಟಿಕಾಸ್ಟ್ ಡಿಎನ್‌ಎಸ್ ನಡುವೆ ಬಂದು ಹುಡುಕಾಟದ ದಾರಿ ತಪ್ಪಿಸುವುದೂ ಉಂಟು.

ಅನಂತರ ಗಡಿಯಾರ. ಗಣಕ ಮತ್ತು ಡೊಮೇನ್ ಕಂಟ್ರೋಲರ್‌ನ ಸಮಯದಲ್ಲಿ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ, ಪಾಸ್‌ವರ್ಡ್ ಸರಿಯಿದ್ದರೂ ಕೆರ್ಬರೋಸ್ ಸಾಮಾನ್ಯವಾಗಿ ಒಪ್ಪದು. ನಮ್ಮಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಹಾಕಿದ ಗಣಕಗಳಲ್ಲಿ ಇದು ಥಟ್ಟನೆ ಕಣ್ಣಿಗೆ ಬೀಳುತ್ತದೆ: ಬೆಳಿಗ್ಗೆ 10 ಗಂಟೆಗೆ ಲಿನಕ್ಸ್ ಪರದೆ ಮಧ್ಯಾಹ್ನ 3:30 ತೋರಿಸುತ್ತದೆ. ಗಣಕದೊಳಗಿನ ಗಡಿಯಾರದಲ್ಲಿ ವಿಂಡೋಸ್ ಬರೆದಿಟ್ಟ ಭಾರತೀಯ ಕಾಲಮಾನವನ್ನು ಲಿನಕ್ಸ್ ಜಾಗತಿಕ ಕಾಲಮಾನವೆಂದು ಓದಿ, ಅದಕ್ಕೆ ಮತ್ತೆ ಐದೂವರೆ ಗಂಟೆ ಕೂಡಿಸಿರುತ್ತದೆ. ಲಿನಕ್ಸ್‌ನ ಸಮಯ ಹೊಂದಿಸುವ ಸೇವೆಯಾದ ಕ್ರೋನಿಯನ್ನು ಡೊಮೇನ್ ಕಂಟ್ರೋಲರ್‌ನ ಸಮಯಕ್ಕೆ ಹೊಂದಿಸಿದರೆ ಇದು ಸರಿಹೋಗುತ್ತದೆ.

ಇವೆರಡೂ ಸರಿಯಿದ್ದರೆ ಮಿತಿಗಳನ್ನು ನೋಡಬೇಕು. ಗಣಕದ ಹೆಸರು 15 ಅಕ್ಷರ ಮೀರಬಾರದು. ಸಾಮಾನ್ಯ ಬಳಕೆದಾರನ ಖಾತೆಯಿಂದ ಪೂರ್ವನಿಯೋಜಿತವಾಗಿ 10 ಗಣಕಗಳನ್ನಷ್ಟೇ ಸೇರಿಸಬಹುದು. ಹನ್ನೊಂದನೆಯದಕ್ಕೆ ನಿರ್ವಾಹಕರ ಅನುಮತಿ ಬೇಕು.