ಸೂಜಿ ಚುಚ್ಚಿದರೆ ಬೆರಳು ಹಿಂಡಬೇಕೇ? ರಕ್ತದ ಸ್ಯಾಂಪಲ್ ಇರುವ ಲ್ಯಾಬ್‌ನ ಸುರಕ್ಷತೆ

ರಕ್ತದ ಸ್ಯಾಂಪಲ್ ಜೊತೆ ಕೆಲಸ ಮಾಡುವಾಗ ಸೂಜಿ ಚುಚ್ಚಿದರೆ ಬೆರಳು ಹಿಂಡಿ ರಕ್ತ ತೆಗೆಯಬೇಕು, ಬ್ಲೀಚ್ ಹಾಕಬೇಕು ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಎರಡೂ ತಪ್ಪು. ಹಿಂಡಿದರೆ ಸೋಂಕು ತಪ್ಪುತ್ತದೆ ಎನ್ನಲು ಪುರಾವೆಯಿಲ್ಲ. ಬ್ಲೀಚ್ ಚರ್ಮವನ್ನು ಸುಡುತ್ತದೆ. ಬೆರಳನ್ನು ಬಾಯಿಗಿಡುವುದಂತೂ ಬೇಡವೇ ಬೇಡ. ಹರಿಯುವ ನೀರು, ಸೋಪು ಸಾಕು. ಕಣ್ಣಿಗೆ ರಕ್ತ ಸಿಡಿದರೆ ಬರೀ ನೀರು.

ತೊಳೆದ ಕೂಡಲೇ ಮೇಲ್ವಿಚಾರಕರಿಗೆ ತಿಳಿಸಿ, ವೈದ್ಯರ ಬಳಿ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ ಬೇಕೇ ಎಂದು ಅವರು ನಿರ್ಧರಿಸುತ್ತಾರೆ. ಬೇಕೆಂದರೆ ಆದಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕು. ಬೈಯುತ್ತಾರೆಂದು ಹೆದರಿ ವಿಷಯ ಮುಚ್ಚಿಟ್ಟರೆ ಈ ಅವಕಾಶ ಕೈತಪ್ಪುತ್ತದೆ.

ಎಲ್ಲರೂ ಹೆದರುವುದು ಎಚ್‌ಐವಿಗೆ. ಆದರೆ ಸೋಂಕಿತ ರಕ್ತವಿದ್ದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು 1000ಕ್ಕೆ 3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ 100ಕ್ಕೆ 6ರಿಂದ 30! ಮೇಜಿನ ಮೇಲೆ ಒಣಗಿದ ರಕ್ತದಲ್ಲೂ ಈ ವೈರಸ್ ಕನಿಷ್ಠ 7 ದಿನ ಬದುಕಿರಬಲ್ಲದು. ಸಮಾಧಾನವೆಂದರೆ, ಇದಕ್ಕೆ ಒಳ್ಳೆಯ ಲಸಿಕೆಯಿದೆ. ಸಾಮಾನ್ಯವಾಗಿ 3 ಡೋಸ್, ಮುಗಿಯಲು 6 ತಿಂಗಳು. ಹಾಗಾಗಿ ಪ್ರಾಜೆಕ್ಟ್ ಶುರುವಾಗುವ ಹಿಂದಿನ ದಿನ ನೆನಪಾದರೆ ಪ್ರಯೋಜನವಿಲ್ಲ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಪ್ರತಿಕಾಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು. ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ, ಗುಣಪಡಿಸುವ ಮಾತ್ರೆಗಳಿವೆ.

"ಈ ಸ್ಯಾಂಪಲ್ ನೆಗೆಟಿವ್, ಗ್ಲೌಸ್ ಯಾಕೆ?" ಎನ್ನುವವರೂ ಇದ್ದಾರೆ. ಸೋಂಕು ತಗಲಿದ ಮೊದಲ ದಿನಗಳಲ್ಲಿ ಪರೀಕ್ಷೆ ನೆಗೆಟಿವ್ ತೋರಿಸಬಹುದು. ಆದ್ದರಿಂದ ಪ್ರತಿ ಸ್ಯಾಂಪಲ್ಲೂ ಸೋಂಕಿತ ಎಂದೇ ಭಾವಿಸಿ ಕೆಲಸ ಮಾಡಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಆಗ ಬೆರಳಿಗೆ ಚುಚ್ಚುವ ಅಪಾಯವಿದೆ. ನಮ್ಮ ದೇಶದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಸೂಜಿ ಹೋಗಬೇಕಾದದ್ದು ತೂತಾಗದ ಬಿಳಿ ಡಬ್ಬಕ್ಕೆ.

ಅಮೆರಿಕದಲ್ಲಿ 1991ರ ನಿಯಮವೊಂದು ರಕ್ತದ ಸಂಪರ್ಕಕ್ಕೆ ಬರುವ ಉದ್ಯೋಗಿಗಳಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಉಚಿತವಾಗಿ ಕೊಡಬೇಕೆನ್ನುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ ಸಂಶೋಧನಾ ಲ್ಯಾಬ್‌ಗಳಿಗೆ ಅದರಲ್ಲಿ ಪ್ರತ್ಯೇಕ ಷರತ್ತುಗಳಿವೆ. ಕೆಲಸ ನಡೆಯುವಾಗ ಬಾಗಿಲು ಮುಚ್ಚಿರಬೇಕು ಎಂಬುದೂ ಒಂದು. ನಮ್ಮಲ್ಲಿ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ಕೆಲಸದಲ್ಲಿ ಎಚ್‌ಐವಿ ಅಪಾಯ ಹೆಚ್ಚಿರುವ ಸಂಸ್ಥೆಗಳು ರಕ್ಷಣಾ ಸಾಮಗ್ರಿ, ತರಬೇತಿ ಮತ್ತು ಆ ಮಾತ್ರೆಗಳನ್ನು ಒದಗಿಸಲೇಬೇಕು. ಲ್ಯಾಬ್ ಸೇರುವ ದಿನವೇ "ಚುಚ್ಚಿದರೆ ಯಾರಿಗೆ ಫೋನ್ ಮಾಡಬೇಕು, ರಾತ್ರಿ ಮಾತ್ರೆ ಎಲ್ಲಿ ಸಿಗುತ್ತದೆ?" ಎಂದು ಕೇಳಿ, ನಂಬರನ್ನು ಮೊಬೈಲ್‌ನಲ್ಲಿ ಸೇವ್ ಮಾಡಿಕೊಳ್ಳಿ.