ಲೇಖನಿಯಂತೆ ಹಿಡಿದ ಬ್ಯಾಟು

ಗಿಣಿಗೇರಾದ ಶಾಲೆಯಲ್ಲಾಗಲಿ ಬೇರಾವ ಊರಿನ ಶಾಲೆಯಲ್ಲಾಗಲಿ, ಗುರುಗಳು ಮಗುವಿಗೆ ಅಕ್ಷರಕ್ಕಿಂತ ಮೊದಲು ಕಲಿಸುವದು ಬಳಪ ಹಿಡಿಯುವ ರೀತಿಯನ್ನು. ಅದೇ ಮಗುವು ಟೇಬಲ್ ಟೆನಿಸ್ ಆಟದ ಬ್ಯಾಟನ್ನು ಬಳಪದಂತೆ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದರೆ, ನೋಡುವವರು ತಪ್ಪೆಂದು ಕೈ ತಿದ್ದಲು ಮುಂದಾಗುವರು. ಈ ತೀರ್ಪು ಎಷ್ಟರಮಟ್ಟಿಗೆ ಸರಿಯೆಂಬದನ್ನು ಆಟದ ಇತಿಹಾಸವೇ ಹೇಳುವದು.

1926ರಲ್ಲಿ ಲಂಡನ್ನಿನಲ್ಲಿ ಮೊದಲ ಜಾಗತಿಕ ಸ್ಪರ್ಧೆ ನಡೆದಾಗ ಭಾರತೀಯರೂ ಆಡಿದ್ದರು. ಆದರೆ ಮುಂದಿನ ಕಾಲು ಶತಮಾನ ಪುರುಷರ ಸಿಂಗಲ್ಸ್ ಪದವಿಯು ಯುರೋಪಿನವರ ಸೊತ್ತಾಗಿಯೇ ಉಳಿಯಿತು. ಅಲ್ಲಿ ರೂಢಿಯಾದದ್ದು ಹಸ್ತಲಾಘವ ಮಾಡುವಂತೆ ಹಿಡಿಯುವ ಪದ್ಧತಿ. ಗೆದ್ದವರ ರೂಢಿಯೇ ಶಾಸ್ತ್ರವಾಯಿತು.

1952ರ ಫೆಬ್ರುವರಿಯಲ್ಲಿ ಈ ಸ್ಪರ್ಧೆಯು ಏಷ್ಯಾ ಖಂಡದಲ್ಲಿ ಮೊತ್ತಮೊದಲು ಮುಂಬಯಿಯಲ್ಲಿ ಜರುಗಿತು. ಆಗ ನಮ್ಮ ಗಿಣಿಗೇರಾ ಇನ್ನೂ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. ಕನ್ನಡಕ ಧರಿಸಿದ ಜಪಾನೀ ಆಟಗಾರ ಹಿರೋಜಿ ಸಾಟೊ ಬ್ಯಾಟನ್ನು ಲೇಖನಿಯಂತೆ ಹಿಡಿದು ಆಡಿ, ಅಂತಿಮ ಪಂದ್ಯದಲ್ಲಿ ಹಂಗೇರಿಯ ಕೊಚಿಯಾನನನ್ನು ಸೋಲಿಸಿದನು. ಆ ಪದವಿಯನ್ನು ಪಡೆದ ಮೊದಲ ಏಷ್ಯಾವಾಸಿ ಅವನೇ. ಅವನ ಬ್ಯಾಟಿಗೆ ದಪ್ಪನೆಯ ಸ್ಪಂಜು ಅಂಟಿಸಿತ್ತು. ಚೆಂಡು ತಗಲಿದ ಸಪ್ಪಳವು ಕೇಳದೆ ಎದುರಾಳಿಗಳು ಕಂಗೆಟ್ಟರು. ಆದುದರಿಂದ ಗೆದ್ದದ್ದು ಸ್ಪಂಜೇ ಹೊರತು ಹಿಡಿತವಲ್ಲವೆಂದು ಯಾರಾದರೂ ವಾದಿಸಬಹುದು. ಅದರಲ್ಲಿ ಸತ್ಯಾಂಶವುಂಟು, ಸಾಟೊಗೆ ಆ ಪದವಿ ಮರಳಿ ದೊರೆಯಲಿಲ್ಲ.

ಆದರೆ ಹಿಡಿತವು ಉಳಿಯಿತು. 1954ರಲ್ಲಿ ಜಪಾನಿನ ಇಚಿರೊ ಒಗಿಮುರಾ, 1959ರಲ್ಲಿ ಚೀನದ ರೋಂಗ್ ಗುವೊತುವಾನ್, ತರುವಾಯ 1961, 1963, 1965ರಲ್ಲಿ ಸತತವಾಗಿ ಜುವಾಂಗ್ ಜೆಡೋಂಗ್, ಎಲ್ಲರೂ ಲೇಖನಿ ಹಿಡಿತದಿಂದಲೇ ಗೆದ್ದರು. ಸ್ಪಂಜಿನ ದಪ್ಪಕ್ಕೆ 1959ರಲ್ಲಿ ನಿಯಮವು ಮಿತಿ ಹಾಕಿದ ಮೇಲೂ ಈ ಹಿಡಿತದ ಬಲ ಕುಂದಲಿಲ್ಲ.

ಇದರಲ್ಲಿ ಗುಣವೂ ಉಂಟು, ದೋಷವೂ ಉಂಟು. ಮಣಿಕಟ್ಟು ಸಡಿಲವಾಗಿ ತಿರುಗುವದರಿಂದ ಮೇಜಿನ ಸಮೀಪದಲ್ಲಿ ಬಲಗಡೆಯ ಹೊಡೆತವು ತೀವ್ರವಾಗುವದು. ಆದರೆ ಬಲಗೈಯವನು ಎಡಕ್ಕೆ ಬಂದ ಚೆಂಡನ್ನೂ ಬ್ಯಾಟಿನ ಅದೇ ಮುಖದಿಂದ ತಳ್ಳಬೇಕು, ಇಲ್ಲವೆ ಓಡಿ ಬಲಕ್ಕೆ ತಂದುಕೊಳ್ಳಬೇಕು. ಕೈಯ ಕೊರತೆಯನ್ನು ಕಾಲುಗಳು ತುಂಬಬೇಕಾಗುವದು. ಈ ಕೊರತೆಗಾಗಿ ಹಿಡಿತವನ್ನು ಎಲ್ಲರೂ ಬಿಡಲಿಲ್ಲ, ಕೆಲವರು ಉಪಾಯ ಹುಡುಕಿದರು. 1990ರ ದಶಕದಲ್ಲಿ ಚೀನದ ಲಿಯು ಗುವೊಲಿಯಾಂಗ್ ಬ್ಯಾಟಿನ ಹಿಂಬದಿಯಿಂದಲೂ ಹೊಡೆಯತೊಡಗಿದನು. ಆ ಹೊಡೆತವನ್ನೇ ಪೂರ್ಣಗೊಳಿಸಿದ ವಾಂಗ್ ಹಾವೊ 2009ರಲ್ಲಿ ಜಗಜ್ಜೇತನಾದನು.

2016ರ ರಿಯೊ ಪ್ಯಾರಾಲಿಂಪಿಕ್ಸಿನಲ್ಲಿಯಂತೂ, ಎರಡೂ ತೋಳುಗಳಿಲ್ಲದ ಈಜಿಪ್ತದ ಇಬ್ರಾಹಿಮ್ ಹಮದ್ತು ಬ್ಯಾಟನ್ನು ಹಲ್ಲಿನಲ್ಲಿ ಕಚ್ಚಿ, ಚೆಂಡನ್ನು ಕಾಲಿನಿಂದ ಮೇಲಕ್ಕೆ ಚಿಮ್ಮಿ ಆಡಿದನು. ಕೈಯೇ ಇಲ್ಲದವನಿಗೆ ಕೈ ಹಿಡಿಯುವ ಕ್ರಮವನ್ನು ಯಾರು ಬೋಧಿಸಬೇಕು?

ಬ್ಯಾಟನ್ನು ಹೀಗೆಯೇ ಹಿಡಿಯಬೇಕೆಂಬ ನಿಯಮವು ಆಟದಲ್ಲಿಲ್ಲ. ಇರುವದು ರೂಢಿ ಮಾತ್ರ. ರೂಢಿಯು ಹಿರಿಯರ ಅನುಭವವಾದುದರಿಂದ ಅದನ್ನು ತಿಳಿಸುವದು ಯುಕ್ತವೇ. ಆದರೆ ಮಗುವಿನ ಕೈ ತಿದ್ದುವ ಮೊದಲು ಅದು ಹೊಡೆದ ಚೆಂಡು ಎಲ್ಲಿ ಬಿದ್ದಿತೆಂಬದನ್ನು ಒಮ್ಮೆ ನೋಡುವದು ಹಿರಿಯರಿಗೆ ಒಪ್ಪುವ ನಡತೆಯಲ್ಲವೇ?