ದಿಲ್ಲಿಯ ಮೇಲಿನ ಅಪನಂಬಿಕೆ ಮತ್ತು ಹತ್ತು ಮಕ್ಕಳ ಲೆಕ್ಕ

ಗಡಿಯಾಚೆಯ ಕನ್ನಡ ಪೋಷಕರ ನಡುವೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ದಿಲ್ಲಿಗೆ ಬರೆದು ಏನು ಫಲ?" ಈ ಮಾತನ್ನು ಸೋಮಾರಿತನವೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಅದರ ಹಿಂದೆ ಸುಮಾರು ಏಳು ದಶಕಗಳ ಅನುಭವವಿದೆ. ಈಡೇರದ ವರದಿಗಳಿವೆ, ಉತ್ತರ ಬಾರದ ಮನವಿಗಳಿವೆ. ಆದರೆ ಅದೇ ಅವಧಿಯಲ್ಲಿ ಅದೇ ಸರ್ಕಾರ ಬರೆದಿಟ್ಟ ಕೆಲವು ವಿಧಿಗಳ ಆಸರೆಯೂ ನಮ್ಮ ಮಕ್ಕಳ ಕನ್ನಡ ತರಗತಿಗಳಿಗೆ ದೊರೆತಿದೆ ಎಂಬುದೂ ನಿಜ. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡುವುದು ಈ ಬರಹದ ಉದ್ದೇಶ. ಮುಖ್ಯವಾಗಿ ಕಾಸರಗೋಡಿನ ಚರಿತ್ರೆಯನ್ನು ಆಧರಿಸಿದ್ದೇನೆ. ಹೊಸೂರು, ತಾಳವಾಡಿ, ಅಕ್ಕಲಕೋಟೆ, ಜತ್ತ, ಆದವಾನಿ, ರಾಯದುರ್ಗ, ಮಡಕಶಿರಾಗಳ ಬಂಧುಗಳಿಗೂ ಈ ಕಥೆ ಅಪರಿಚಿತವಲ್ಲ.

ಅಪನಂಬಿಕೆಯ ಬೇರು ಸ್ವಾತಂತ್ರ್ಯದ ಆರಂಭದ ವರ್ಷಗಳಲ್ಲಿಯೇ ಇದೆ. 1920ರ ನಾಗಪುರ ಅಧಿವೇಶನದಲ್ಲಿ ಭಾಷಾವಾರು ತತ್ವವನ್ನು ಒಪ್ಪಿ ತನ್ನ ಪ್ರಾಂತ ಸಮಿತಿಗಳನ್ನು ಹಾಗೆಯೇ ರಚಿಸಿಕೊಂಡಿದ್ದ ಕಾಂಗ್ರೆಸ್, ಅಧಿಕಾರ ಬಂದಾಗ ಹಿಂಜರಿಯಿತು. 1948ರಲ್ಲಿ ಧರ್ ಆಯೋಗವು ಭಾಷೆಯನ್ನೇ ಆಧಾರವಾಗಿಟ್ಟು ರಾಜ್ಯಗಳನ್ನು ರಚಿಸುವುದು ದೇಶದ ಹಿತಕ್ಕೆ ಒಳಿತಲ್ಲ ಎಂದಿತು. ನೆಹರೂ, ಪಟೇಲ್ ಮತ್ತು ಪಟ್ಟಾಭಿ ಸೀತಾರಾಮಯ್ಯನವರ ಸಮಿತಿಯೂ ವಿಷಯವನ್ನು ಮುಂದೂಡುವ ಸಲಹೆಯನ್ನೇ ನೀಡಿತು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ಪ್ರಾಣ ಬಿಟ್ಟ ನಂತರವಷ್ಟೇ ಆಂಧ್ರ ರಾಜ್ಯದ ನಿರ್ಧಾರ ಹೊರಬಿತ್ತು. 1953ರ ಅಕ್ಟೋಬರ್ 1ರಂದು ಆ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಹೋಳಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಅರ್ಜಿಗೆ ಕರಗದ ದಿಲ್ಲಿ ಸಾವಿಗೆ ಮಾತ್ರ ಕರಗುತ್ತದೆ ಎಂಬ ಭಾವನೆ ದಕ್ಷಿಣದ ಹಲವೆಡೆ ಆಗಲೇ ಬೇರೂರಿತು.

1953ರ ಡಿಸೆಂಬರಿನಲ್ಲಿ ಫಜಲ್ ಅಲಿ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಅದರ ಸದಸ್ಯರು. ಆಯೋಗಕ್ಕೆ ಬಂದ ಲಿಖಿತ ಮನವಿಗಳು 1,52,250. ಅದು ಸಂದರ್ಶಿಸಿದವರು 9,000ಕ್ಕೂ ಹೆಚ್ಚು ಜನ. ಸಾಮಾನ್ಯ ಪ್ರಜೆಗಳು ಕೇಂದ್ರ ಸರ್ಕಾರದೊಂದಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಮಾತನಾಡಿದ ಸಂದರ್ಭಗಳು ನಮ್ಮ ಚರಿತ್ರೆಯಲ್ಲಿ ವಿರಳ. 1955ರ ಸೆಪ್ಟೆಂಬರ್ 30ರಂದು ವರದಿ ಸಿದ್ಧವಾಯಿತು. ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕನ್ನು ಒಂದು ಇಡೀ ಘಟಕವಾಗಿ ಪರಿಗಣಿಸಿದ ಆಯೋಗ, ಅದನ್ನು ಕೇರಳಕ್ಕೆ ಸೇರಿಸಲು ಶಿಫಾರಸು ಮಾಡಿತು. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶವನ್ನು ಪ್ರತ್ಯೇಕವಾಗಿ ಪರಿಗಣಿಸಬೇಕೆಂಬ ಕನ್ನಡಿಗರ ವಾದ ನಿಲ್ಲಲಿಲ್ಲ. 1956ರ ನವೆಂಬರ್ 1ರಂದು ಮಂಗಳೂರಿನೊಂದಿಗೆ ಆಡಳಿತ, ವ್ಯಾಪಾರ, ಶಿಕ್ಷಣಗಳಲ್ಲಿ ಬೆಸೆದುಕೊಂಡಿದ್ದ ನಾಡು ಬೇರೊಂದು ರಾಜ್ಯದ ಉತ್ತರದ ಅಂಚಾಯಿತು.

ಅದೇ ಆಯೋಗ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಲು ಹೇಳಿತ್ತು. ಅಲ್ಲಿ ವ್ಯಾಪಕ ವಿರೋಧವೆದ್ದಿತು. ಕೇಂದ್ರ ಸರ್ಕಾರ ಆ ಶಿಫಾರಸನ್ನು ಒಪ್ಪದೆ ಅವುಗಳನ್ನು ಮೈಸೂರಿನಲ್ಲೇ ಉಳಿಸಿತು. ಕಾಸರಗೋಡಿನ ವಿಷಯದಲ್ಲಿ ಮಾತ್ರ ವರದಿಯ ಮಾತೇ ಶಾಸನವಾಯಿತು. ಒಂದೇ ವರದಿಯನ್ನು ಒಂದು ಕಡೆ ಬದಲಿಸಬಹುದಾದರೆ ಇನ್ನೊಂದು ಕಡೆ ಏಕಿಲ್ಲ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಹಾಗೆಯೇ ಉಳಿದಿದೆ.

ಎರಡನೆಯ ಪೆಟ್ಟು ಇನ್ನೂ ಆಳವಾದದ್ದು. 1966ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗವನ್ನು ಕೇಂದ್ರ ನೇಮಿಸಿತು. 1967ರ ಆಗಸ್ಟಿನಲ್ಲಿ ಬಂದ ಅವರ ವರದಿ ಚಂದ್ರಗಿರಿ ಮತ್ತು ಪಯಸ್ವಿನಿ ಹೊಳೆಗಳ ಉತ್ತರದ ಪ್ರದೇಶ ಮೈಸೂರಿಗೆ ಸೇರಬೇಕೆಂದಿತು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಹಲವು ಹಳ್ಳಿಗಳ ಬಗೆಗೂ ಅದೇ ಬಗೆಯ ಶಿಫಾರಸು ಇತ್ತು. ಮಹಾರಾಷ್ಟ್ರ ಅದನ್ನು ತಿರಸ್ಕರಿಸಿತು, ಕೇರಳ ಒಪ್ಪಲಿಲ್ಲ, ಕೇಂದ್ರ ಜಾರಿಗೆ ತರಲಿಲ್ಲ. ತಾನೇ ನೇಮಿಸಿದ ನ್ಯಾಯಾಧೀಶರ ಮಾತನ್ನು ತಾನೇ ಕಪಾಟಿನಲ್ಲಿಟ್ಟ ಸರ್ಕಾರವನ್ನು ಜನ ನಂಬಬೇಕೆಂದು ಹೇಳುವುದು ಸುಲಭವಲ್ಲ.

ಈ ನಿರಾಶೆಯ ನಡುವೆಯೂ ಕಾಸರಗೋಡಿನ ಹಿರಿಯರು ಏನು ಮಾಡಿದರೆಂಬುದನ್ನು ನಾವು ಮರೆಯಬಾರದು. ಅವರು ಬೀದಿಗಿಳಿದರು, ಕವಿ, ಅಧ್ಯಾಪಕ ಕಯ್ಯಾರ ಕಿಞ್ಞಣ್ಣ ರೈ ಅಂತಹವರು ವಿಲೀನೀಕರಣದ ದನಿಯನ್ನು ಜೀವಮಾನವಿಡೀ ಎತ್ತಿದರು. ಆದರೆ ಒಲ್ಲದ ರಾಜ್ಯದ ಮತಪೆಟ್ಟಿಗೆಯನ್ನು ಅವರು ಬಹಿಷ್ಕರಿಸಲಿಲ್ಲ. 1957ರಲ್ಲಿ ಕೇರಳದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಪಕ್ಷೇತರರಾಗಿ ನಿಂತ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಮುಂದೆ ಕಳ್ಳಿಗೆ ಮಹಾಬಲ ಭಂಡಾರಿಯವರು ಅದೇ ಕ್ಷೇತ್ರದಿಂದ ಗೆದ್ದು ತಿರುವನಂತಪುರದಲ್ಲಿ ಕನ್ನಡಿಗರ ದನಿಯಾದರು. ಗಡಿರೇಖೆಯನ್ನು ಒಪ್ಪದೆಯೂ ಆ ರೇಖೆಯೊಳಗಿನ ಹಕ್ಕುಗಳನ್ನು ಬಿಡದೆ ಕೇಳಬಹುದೆಂದು ಅವರು ಬಲ್ಲವರಾಗಿದ್ದರು. 1969ರ ಕೇರಳ ಅಧಿಕೃತ ಭಾಷಾ ಶಾಸನದಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂಬ ಉಪಬಂಧ ಸೇರಿತು. ಆ ಹಕ್ಕನ್ನು ಇಂದು ನಮ್ಮಲ್ಲಿ ಎಷ್ಟು ಮಂದಿ ಬಳಸುತ್ತಿದ್ದೇವೆ? ಕನ್ನಡದಲ್ಲಿ ಅರ್ಜಿಯೇ ಬಾರದ ಕಚೇರಿಗೆ ಕನ್ನಡ ಬಲ್ಲ ಗುಮಾಸ್ತ ಬೇಕೆಂದು ಕೇಳುವ ಬಲ ಎಲ್ಲಿಂದ ಬರಬೇಕು?

ಶಾಲೆಯ ವಿಷಯಕ್ಕೆ ಬರೋಣ. ರಾಜ್ಯಗಳ ಮರುವಿಂಗಡಣೆಯ ಜೊತೆಯಲ್ಲೇ, 1956ರ ಏಳನೆಯ ತಿದ್ದುಪಡಿಯ ಮೂಲಕ, ಸಂವಿಧಾನಕ್ಕೆ ಎರಡು ವಿಧಿಗಳು ಸೇರಿದವು. 350ಎ ವಿಧಿಯಂತೆ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸುವ ಪ್ರಯತ್ನವನ್ನು ಪ್ರತಿ ರಾಜ್ಯವೂ ಸ್ಥಳೀಯ ಸಂಸ್ಥೆಯೂ ಮಾಡಬೇಕು. ಅಗತ್ಯವೆನಿಸಿದರೆ ರಾಷ್ಟ್ರಪತಿಗಳು ನಿರ್ದೇಶನ ನೀಡಬಹುದು. 350ಬಿ ವಿಧಿಯಂತೆ ಈ ರಕ್ಷಣೆಗಳ ಬಗ್ಗೆ ತನಿಖೆ ನಡೆಸಿ ರಾಷ್ಟ್ರಪತಿಗಳಿಗೆ ವರದಿ ಮಾಡುವ ವಿಶೇಷಾಧಿಕಾರಿ ಇರಬೇಕು. ಆ ವರದಿ ಸಂಸತ್ತಿನ ಮುಂದೆ ಬರಬೇಕು. 1957ರಲ್ಲಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿ ಅಲಹಾಬಾದಿನಲ್ಲಿ ಆರಂಭವಾಯಿತು.

ಇವು ದುರ್ಬಲ ವಿಧಿಗಳೆಂಬ ಟೀಕೆಯಲ್ಲಿ ಹುರುಳಿದೆ. "ಪ್ರಯತ್ನ" ಎಂಬ ಪದ ಮೆದುವಾದುದು. ಆಯುಕ್ತರಿಗೆ ಆಜ್ಞೆ ಮಾಡುವ ಅಧಿಕಾರವಿಲ್ಲ. ಅವರ ಆಯುಧ ವರದಿಯೊಂದೇ, ಮತ್ತು ಅವರ ಕಿವಿಗೆ ಬೀಳದ ದೂರಿಗೆ ಅದರಲ್ಲಿ ಜಾಗ ಸಿಗುವುದು ಕಷ್ಟ. ದಿಲ್ಲಿಗೆ ಬರೆಯುವುದು ವ್ಯರ್ಥವೆಂದು ನಾವು ಬರೆಯುವುದನ್ನು ನಿಲ್ಲಿಸಿದರೆ, ನಮ್ಮ ಮೌನವನ್ನು ಸಮಾಧಾನವೆಂದು ತಿಳಿಯುವ ಅವಕಾಶವನ್ನು ನಾವೇ ಕೊಟ್ಟಂತೆ.

ಇನ್ನೊಂದು ವ್ಯವಸ್ಥೆ ಇದಕ್ಕಿಂತ ಹಳೆಯದು, ಹೆಚ್ಚು ಖಚಿತವಾದುದು. 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನ ಒಂದು ಸೂತ್ರವನ್ನು ಒಪ್ಪಿತು: ಒಂದು ಶಾಲೆಯಲ್ಲಿ ಒಟ್ಟು 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಮಾತೃಭಾಷೆಯ ಕಲಿಕೆಯನ್ನು ಬಯಸಿದರೆ ಕನಿಷ್ಠ ಒಬ್ಬ ಅಧ್ಯಾಪಕರನ್ನು ಒದಗಿಸಬೇಕು. ಮುಂದಿನ ವರ್ಷಗಳಲ್ಲಿ, ಶಾಲೆ ಆರಂಭವಾಗುವ ಮೊದಲೇ ಪೋಷಕರ ಭಾಷಾ ಆಯ್ಕೆಯನ್ನು ದಾಖಲಿಸುವ ಮುಂಗಡ ನೋಂದಣಿ ಪುಸ್ತಕ, ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಹತ್ತಿರದ ಶಾಲೆಯೊಂದಿಗೆ ಹೊಂದಾಣಿಕೆ ಎಂಬ ಕ್ರಮಗಳೂ ರಕ್ಷಣಾ ಯೋಜನೆಗೆ ಸೇರಿದವು. ಈ ಸೂತ್ರಗಳೆಲ್ಲದರ ಸ್ವಭಾವ ಒಂದೇ: ಕೇಳಿದವರಿಗೆ, ಎಣಿಕೆಗೆ ಸಿಕ್ಕವರಿಗೆ ಮಾತ್ರ ಇವು ದೊರೆಯುತ್ತವೆ. ಕೇರಳದಲ್ಲಿ ಶಾಲೆ ತೆರೆದ ಆರನೆಯ ದಿನದ ತಲೆ ಎಣಿಕೆಯ ಮೇಲೆ ಅಧ್ಯಾಪಕರ ಹುದ್ದೆಗಳು ನಿಲ್ಲುತ್ತವೆ, ಬೀಳುತ್ತವೆ. ಹತ್ತು ಮಕ್ಕಳು ಇದ್ದ ಕಡೆ ಒಂಬತ್ತಾದರೆ ಕೇಳುವ ನೆಲೆಯೇ ಸಡಿಲವಾಗುತ್ತದೆ. ಅದಕ್ಕೆ ಮಹಾಜನ್ ವರದಿಯ ಬಗ್ಗೆ ದಿಲ್ಲಿ ತಾಳಿದ ಮೌನ ಕಾರಣವಲ್ಲ.

ಪೋಷಕರ ಜವಾಬ್ದಾರಿಯನ್ನು ನ್ಯಾಯಾಲಯವೂ ಹೆಚ್ಚಿಸಿದೆ. 2014ರ ಮೇ ತಿಂಗಳಲ್ಲಿ, ಕರ್ನಾಟಕದ ಭಾಷಾ ನೀತಿಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ಹೆತ್ತವರು ಅಥವಾ ಪೋಷಕರೇ ಎಂದಿತು. ಪ್ರಾಥಮಿಕ ಶಿಕ್ಷಣವನ್ನು ಮಾತೃಭಾಷೆಯಲ್ಲೇ ಪಡೆಯಬೇಕೆಂದು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದೂ ಹೇಳಿತು. ಕರ್ನಾಟಕದಲ್ಲಿ ಈ ತೀರ್ಪು ಕನ್ನಡಕ್ಕೆ ಹಿನ್ನಡೆಯೆನಿಸಿತು. ಗಡಿಯಾಚೆಯ ನಮಗೆ ಅದರ ಇನ್ನೊಂದು ಮುಖವೂ ಕಾಣಬೇಕು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಅಥವಾ ಬಡಗ ಮಾತನಾಡಿ ಶಾಲೆಯಲ್ಲಿ ಕನ್ನಡ ಕಲಿಯುತ್ತ ಬಂದ ಕುಟುಂಬದ ಘೋಷಣೆಗೆ ಈಗ ಮೇಲಿನ ನ್ಯಾಯಾಲಯದ ಬಲವಿದೆ. ಹಾಗೆಯೇ, ಆ ಕುಟುಂಬ ಕನ್ನಡವೆಂದು ಬರೆಯದಿದ್ದರೆ ಅವರ ಪರವಾಗಿ ಬರೆಯುವವರು ಬೇರೆ ಯಾರೂ ಇಲ್ಲ.

ಹಾಗಾದರೆ ಅಪನಂಬಿಕೆಯನ್ನು ಬಿಟ್ಟುಬಿಡಬೇಕೇ? ಬೇಡ. ಅಧಿಕಾರವನ್ನು ಸಂಶಯದಿಂದ ನೋಡುವುದು ಪ್ರಜಾಪ್ರಭುತ್ವದಲ್ಲಿ ಪ್ರಜೆಯ ಧರ್ಮ. 2017ರಲ್ಲಿ ಕೇರಳದಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಶಾಸನ ಬಂದಾಗ ಕಾಸರಗೋಡಿನ ಕನ್ನಡಿಗರು ಜಿಲ್ಲಾಧಿಕಾರಿ ಕಚೇರಿಯೆದುರು ಸೇರಿದ್ದು ಇಂತಹ ಸಂಶಯದಿಂದಲೇ. ಅಪನಂಬಿಕೆ ಎಚ್ಚರವಾದಾಗ ಸಮುದಾಯ ಉಳಿಯುತ್ತದೆ. ಅದು ವೈರಾಗ್ಯವಾದಾಗ ಶಾಲೆಯ ಬಾಗಿಲು ಸದ್ದಿಲ್ಲದೆ ಮುಚ್ಚುತ್ತದೆ.

ಎಚ್ಚರದ ಕೆಲಸ ದೊಡ್ಡ ಸಭೆಗಳಿಗಿಂತ ಸಣ್ಣ ಕಾಗದಗಳಲ್ಲಿ ಹೆಚ್ಚಾಗಿರುತ್ತದೆ. 2009ರ ಶಿಕ್ಷಣ ಹಕ್ಕು ಶಾಸನದಂತೆ ಶಾಲಾ ನಿರ್ವಹಣಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಅನುದಾನಿತ ಶಾಲೆಗಳಲ್ಲಿ ಸಮಿತಿಯ ಪಾತ್ರ ಸಲಹೆಗೆ ಸೀಮಿತವಾದರೂ ಅದರ ನಡಾವಳಿ ಲಿಖಿತ ದಾಖಲೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದರೆ ಮೊದಲ ಆಕ್ಷೇಪ ಅಲ್ಲಿ ದಾಖಲಾಗಬೇಕು. ಆಮೇಲೆ ಶಿಕ್ಷಣಾಧಿಕಾರಿಗೆ, ಆಮೇಲೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಶಾಸನದಂತೆ ಅರ್ಜಿಯ ಗತಿ ಏನಾಯಿತೆಂದು ಕೇಳಬಹುದು. ಪ್ರತಿ ಪತ್ರದ ನಕಲನ್ನೂ ಸ್ವೀಕೃತಿಯನ್ನೂ ಒಂದು ಕಡತದಲ್ಲಿ ಇಟ್ಟುಕೊಳ್ಳಿ. ಮುಂದೆ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೆ ಭಾವುಕ ಭಾಷಣಕ್ಕಿಂತ ಆ ಕಡತವೇ ನೆರವಿಗೆ ಬರುತ್ತದೆ.

ಗಡಿಯ ಪ್ರಶ್ನೆ ಎಂದು ಇತ್ಯರ್ಥವಾಗುತ್ತದೆಯೋ ನಮ್ಮ ಕೈಯಲ್ಲಿಲ್ಲ. ಒಂದನೆಯ ತರಗತಿಯ ಮಗು ಮಾತ್ರ ಆ ಇತ್ಯರ್ಥಕ್ಕಾಗಿ ಕಾಯಲಾರದು. ಬರುವ ಜೂನ್ ತಿಂಗಳಿಗೆ ಮೊದಲು ನಿಮ್ಮ ಊರಿನ ಶಾಲೆಯಲ್ಲಿ ಕನ್ನಡ ಬಯಸುವ ಮನೆಗಳು ಎಷ್ಟಿವೆ ಎಂದು ಎಣಿಸಿ, ಆ ಹೆತ್ತವರ ಸಹಿಯೊಂದಿಗೆ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಕೊಡಿ. ಎಣಿಕೆ ಹತ್ತಕ್ಕೆ ಒಂದು ಕಡಿಮೆಯಾದರೆ ಪಕ್ಕದ ಊರಿನ ಪೋಷಕರೊಂದಿಗೆ ಮಾತನಾಡಿ.